ಲೇಬಲ್ ಹಿಡಿದು ಬ್ಲೂಸ್ ಕೇಳಿದೆ: ನನ್ನ ಅನುಭವ

ಅಮೆರಿಕದ ಕಪ್ಪುಜನರ ಸಂಗೀತವಾದ ಬ್ಲೂಸ್ ಎಲ್ಲಿಂದ ಶುರು ಮಾಡಬೇಕು ಅಂತ ಕೇಳುವವರಿಗೆ ನಾನು ಹಾಡುಗಾರರ ಪಟ್ಟಿ ಕೊಡುವುದಿಲ್ಲ. ಒಂದು ಸಣ್ಣ ರೆಕಾರ್ಡ್ ಕಂಪನಿ, ಅಂದರೆ ಲೇಬಲ್, ಹಿಡಿಯಿರಿ, ಅದರ ರೆಕಾರ್ಡುಗಳನ್ನು ಬಂದ ಕ್ರಮದಲ್ಲೇ ಕೇಳಿ ಅನ್ನುತ್ತೇನೆ. ನಾನು ಹಿಡಿದದ್ದು ಶಿಕಾಗೊದ ಅಲಿಗೇಟರ್ ರೆಕಾರ್ಡ್ಸ್.

ಅದನ್ನು ಶುರು ಮಾಡಿದ ಬ್ರೂಸ್ ಇಗ್ಲಾವರ್ ಆಗಿನ್ನೂ ಡೆಲ್ಮಾರ್ಕ್ ಎಂಬ ಇನ್ನೊಂದು ಸಣ್ಣ ಕಂಪನಿಯಲ್ಲಿ ರೆಕಾರ್ಡು ಪ್ಯಾಕ್ ಮಾಡಿ ಕಳಿಸುವ ಕೆಲಸದಲ್ಲಿದ್ದರು. ಊರಿನ ಸೌತ್ ಸೈಡ್‌ನ ಒಂದು ಬಾರಿನಲ್ಲಿ ಹೌಂಡ್ ಡಾಗ್ ಟೇಲರ್ ತಂಡವನ್ನು ಕೇಳಿ ಮರುಳಾದರು. ಇವರನ್ನು ರೆಕಾರ್ಡ್ ಮಾಡೋಣ ಅಂದರೆ ಡೆಲ್ಮಾರ್ಕ್ ಮಾಲೀಕ ಬಾಬ್ ಕೆಸ್ಟರ್ ಒಪ್ಪಲಿಲ್ಲ. ಸರಿ, 1971ರಲ್ಲಿ ತಮಗೆ ಮನೆಯ ಹಿರಿಯರಿಂದ ಬಂದಿದ್ದ 2,500 ಡಾಲರ್ ಹಾಕಿ, ಎರಡೇ ರಾತ್ರಿಯಲ್ಲಿ ರೆಕಾರ್ಡಿಂಗ್ ಮುಗಿಸಿ, 1,000 ಪ್ರತಿ ಒತ್ತಿಸಿ, ಕಾರಿಗೆ ತುಂಬಿಕೊಂಡು ರೇಡಿಯೊ ಸ್ಟೇಷನ್ನುಗಳಿಗೆ ತಾವೇ ಕೊಟ್ಟುಬಂದರು. ಎಂಥ ಧೈರ್ಯ ಅಲ್ವಾ!

ಆ ಮೊದಲ ರೆಕಾರ್ಡಿನಲ್ಲೇ ನಾನು ಬಹಳ ದಿನ ನಿಂತುಬಿಟ್ಟೆ. ಮೂರೇ ಜನ, ಬೇಸ್ ಗಿಟಾರ್ ಇಲ್ಲ. ಮೊದಮೊದಲು ಟೇಲರ್ ಅವರ ಕರ್ಕಶ ಸ್ಲೈಡ್ (ಬೆರಳಿಗೆ ಕೊಳವೆ ಹಾಕಿ ತಂತಿ ಮೇಲೆ ಜಾರಿಸುವ ಗಿಟಾರ್ ವಾದನ) ಒಂದೇ ಕಿವಿಗೆ ಬೀಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬ್ರೂಯರ್ ಫಿಲಿಪ್ಸ್ ಅವರ ಗಿಟಾರನ್ನಷ್ಟೇ ಹಿಂಬಾಲಿಸಿದರೆ, ಅವರು ದಪ್ಪ ತಂತಿಗಳ ಮೇಲೆ ಬೇಸಿನ ಕೆಲಸವನ್ನೂ ಮಾಡುತ್ತಿರುವುದು ಗೊತ್ತಾಗುತ್ತದೆ. ಇನ್ನೊಮ್ಮೆ ಟೆಡ್ ಹಾರ್ವೆಯ ಡ್ರಮ್ಸ್ ಮಾತ್ರ ಕೇಳಿ. ನಯಗೊಳಿಸುವ ಆಸೆಯೇ ಅಲ್ಲಿಲ್ಲ. ಬಾರಿನಲ್ಲಿ ಏನು ಕೇಳಿಸಿತೋ ಅದೇ ಬೇಕು ಅಂತ ಇಗ್ಲಾವರ್ ಹಟ ಹಿಡಿದದ್ದು ಇಲ್ಲಿ ಕಾಣುತ್ತದೆ.

ಮುಂದೆ ಅಲಿಗೇಟರ್‌ನಿಂದ ಬಂದ ರೆಕಾರ್ಡುಗಳಲ್ಲಿ 1973ರಲ್ಲಿ ಸನ್ ಸೀಲ್ಸ್, 1975ರಲ್ಲಿ ಕೊಕೊ ಟೇಲರ್, 1978ರಲ್ಲಿ ಆಲ್ಬರ್ಟ್ ಕಾಲಿನ್ಸ್. ಕಾಲಿನ್ಸ್ ಹೊತ್ತಿಗೆ ಸ್ಯಾಕ್ಸೊಫೋನ್ ಎಲ್ಲಾ ಸೇರಿ ಸದ್ದು ತುಂಬಿಕೊಂಡಿದೆ, ಆದರೂ ಅದೇ ಹಟ ಕೇಳಿಸುತ್ತದೆ. ಬೇರೆ ಬೇರೆ ಕಲಾವಿದರನ್ನು ಸುಮ್ನೆ ಆಯ್ದು ಕೇಳಿದ್ದರೆ ನನಗಿದು ಹೊಳೆಯುತ್ತಿರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋಗಿ ಡೆಲ್ಮಾರ್ಕ್ ಹುಡುಕಿದೆ. ಕೆಸ್ಟರ್ 1965ರಲ್ಲಿ ಹಾರ್ಮೋನಿಕಾ ವಾದಕ ಜೂನಿಯರ್ ವೆಲ್ಸ್ ತಂಡದಿಂದ, ರೇಡಿಯೊಗೆ ಬೇಕಾದ ಚುಟುಕು ಹಾಡುಗಳ ಚಿಂತೆ ಬಿಟ್ಟು, ಒಂದು ಇಡೀ ಎಲ್‌ಪಿ (ಹಲವು ಹಾಡುಗಳ ದೊಡ್ಡ ರೆಕಾರ್ಡು) ಮಾಡಿಸಿದ್ದರು. ಹಳೆಯ ಪ್ರತಿ ಸಿಕ್ಕರೆ ಕವರಿನ ಹಿಂಬದಿ ಓದಿ. ಗಿಟಾರ್ ವಾದಕನ ಹೆಸರು ‘ಫ್ರೆಂಡ್ಲಿ ಚ್ಯಾಪ್’ ಅಂತಿರುತ್ತದೆ. ಆತ ಬಡ್ಡಿ ಗೈ. ಚೆಸ್ ಎಂಬ ಇನ್ನೊಂದು ರೆಕಾರ್ಡ್ ಕಂಪನಿಯ ಜೊತೆ ಅವರಿಗೆ ಒಪ್ಪಂದ ಇರಬಹುದು ಅಂತ ಹೆಸರು ಮರೆಸಿದ್ದರು.