ಹಳೆಯ ಸರ್ಕಾರಿ ಹೈಸ್ಕೂಲಿನ ಚರಿತ್ರೆ ಬರೆಯಹೊರಟವರಿಗೆ

ಶತಮಾನೋತ್ಸವ ಆಚರಿಸಿಕೊಂಡ ಸರ್ಕಾರಿ ಹೈಸ್ಕೂಲುಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ಮೊದಲ ಪುಟಗಳಲ್ಲೆಲ್ಲ ಗಣ್ಯರ ಶುಭ ಸಂದೇಶಗಳೂ ಕೊನೆಯ ಪುಟಗಳಲ್ಲೆಲ್ಲ ಜಾಹೀರಾತುಗಳೂ ತುಂಬಿಕೊಂಡು, ನಡುವೆ ಎಲ್ಲೋ ಎರಡು ಪುಟದಷ್ಟು ‘ಶಾಲೆ ನಡೆದು ಬಂದ ದಾರಿ’ ಇರುತ್ತದೆ. ಆ ಎರಡು ಪುಟವನ್ನು ಒಂದು ಪೂರ್ಣ ಬರಹವಾಗಿ, ಆಧಾರ ಸಮೇತ ಬರೆಯಬೇಕೆಂಬ ಆಸೆಯುಳ್ಳ ನಿವೃತ್ತ ಉಪಾಧ್ಯಾಯರು, ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಎಲ್ಲಿಂದ ಆರಂಭಿಸಿ ಏನೇನು ನೋಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳನ್ನು ಹೆಚ್ಚಾಗಿ ಹಳೆಯ ಮೈಸೂರು ಸಂಸ್ಥಾನದಿಂದ ತೆಗೆದುಕೊಂಡಿದ್ದೇನೆ. ಉಳಿದ ಪ್ರಾಂತ್ಯಗಳ ದಾಖಲೆಗಳು ಎಲ್ಲಿವೆ ಎಂಬುದನ್ನು ಮುಂದೆ ಹೇಳಿದ್ದೇನೆ.

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ್ದು ಶಾಲೆಯ ಹುಟ್ಟಿದ ವರ್ಷ. ಹಳೆಯ ಶಾಲೆಗೆ ಒಂದೇ ಜನ್ಮವರ್ಷ ಇರುವುದು ಅಪರೂಪ. ಪಾಠ ಆರಂಭವಾದ ವರ್ಷ, ಸರ್ಕಾರ ಅದನ್ನು ವಹಿಸಿಕೊಂಡ ವರ್ಷ, ಅದು ಹೈಸ್ಕೂಲ್ ದರ್ಜೆಗೆ ಏರಿದ ವರ್ಷ, ಈಗಿನ ಕಟ್ಟಡ ಎದ್ದ ವರ್ಷ, ಈಗಿನ ಹೆಸರು ಬಂದ ವರ್ಷ, ಇವೆಲ್ಲ ಬೇರೆ ಬೇರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯೇ ಬೆಳೆದು ಮುಂದೆ ಮಹಾರಾಜ ಕಾಲೇಜಾಯಿತು. ಆ ಪರಂಪರೆಯ ಹೈಸ್ಕೂಲ್ ತರಗತಿಗಳು ಮಹಾರಾಜ ಕಾಲೇಜಿಯೇಟ್ ಹೈಸ್ಕೂಲ್ ಎಂಬ ಹೆಸರಿನಲ್ಲಿ ನಡೆದವು. ಬೆಂಗಳೂರಿನಲ್ಲಿ 1858ರಲ್ಲಿ ಆರಂಭವಾದ ಸರ್ಕಾರಿ ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜೆಂದು ಹೆಸರು ಬದಲಿಸಿಕೊಂಡಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಎರಡೂ ಕಾಲೇಜುಗಳು ಅದರ ಅಂಗಗಳಾದವು. ಹೀಗಿರುವಾಗ ‘ಈ ಹೈಸ್ಕೂಲಿನ ವಯಸ್ಸೆಷ್ಟು’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಯಾವುದರ ವಯಸ್ಸು ಎಂದು ಕೇಳಿಕೊಳ್ಳಬೇಕಾಗುತ್ತದೆ. ಉತ್ಸವ ಸಮಿತಿಗಳಿಗೆ ಇರುವುದರಲ್ಲೇ ಅತಿ ಹಳೆಯ ಇಸವಿಯ ಮೇಲೆ ಪ್ರೀತಿ ಹೆಚ್ಚು. ಬರೆಯುವವರು ಆ ಒತ್ತಡಕ್ಕೆ ಮಣಿಯದೆ ಐದೂ ಇಸವಿಗಳನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರಿಗೆ ಅದಕ್ಕಿರುವ ಆಧಾರವನ್ನು ನಮೂದಿಸುತ್ತ ಹೋಗಬೇಕು. ಆಧಾರ ಸಿಗದ ಇಸವಿಯ ಮುಂದೆ ‘ಹೇಳಿಕೆಯ ಪ್ರಕಾರ’ ಎಂದು ಬರೆದರೆ ಶಾಲೆಯ ಗೌರವಕ್ಕೇನೂ ಕುಂದಿಲ್ಲ.

ಶಾಲೆಯೊಳಗಿನ ದಾಖಲೆಗಳನ್ನು ನೋಡಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಸಲ್ಲಿಸುವುದು ಒಳ್ಳೆಯದು. ಶಾಲೆಯು ಪದವಿಪೂರ್ವ ಕಾಲೇಜಾಗಿ ಮೇಲ್ದರ್ಜೆಗೆ ಏರಿದ್ದರೆ ಪ್ರಾಂಶುಪಾಲರಿಗೆ ಕಾಲೇಜಿನ ಹೊಣೆ, ಉಪಪ್ರಾಂಶುಪಾಲರಿಗೆ ಪ್ರೌಢಶಾಲಾ ವಿಭಾಗದ ಹೊಣೆ ಇರುತ್ತದೆ. ಹಳೆಯ ವಹಿಗಳು ಇಬ್ಬರಲ್ಲಿ ಯಾರ ಬೀರುವಿನಲ್ಲಿವೆ ಎಂಬುದು ಬಹುಮಟ್ಟಿಗೆ ಕಚೇರಿಯ ಗುಮಾಸ್ತರಿಗೆ ಮಾತ್ರ ಗೊತ್ತಿರುತ್ತದೆ. ಅವರ ವಿಶ್ವಾಸ ಗಳಿಸದೆ ಈ ಕೆಲಸ ಒಂದು ಹೆಜ್ಜೆಯೂ ಮುಂದಕ್ಕೆ ಹೋಗದು. ಜೂನ್ ತಿಂಗಳಲ್ಲಿ, ದಾಖಲಾತಿಯ ಗಲಾಟೆಯ ನಡುವೆ, ಹಳೆಯ ವಹಿ ತೋರಿಸಿರೆಂದು ಕೇಳಿಕೊಂಡು ಹೋಗಬಾರದು.

ಬೀರುವಿನಲ್ಲಿ ಸಿಗುವ ವಹಿಗಳಲ್ಲಿ ದಾಖಲಾತಿ ವಹಿಯೇ ಮುಖ್ಯ. ಹಾಜರಿ ಪುಸ್ತಕಗಳೂ ಶುಲ್ಕ ವಸೂಲಿ ಪುಸ್ತಕಗಳೂ ಕಾಲಕಾಲಕ್ಕೆ ವಿಲೇವಾರಿಯಾಗಿ ಹೋಗಿರುತ್ತವೆ, ಆದರೆ ಜನ್ಮ ದಿನಾಂಕಕ್ಕೂ ಜಾತಿ ಪ್ರಮಾಣಕ್ಕೂ ಇಂದಿಗೂ ಜನ ಕೇಳಿಕೊಂಡು ಬರುವುದರಿಂದ ದಾಖಲಾತಿ ವಹಿಯನ್ನು ಶಾಲೆ ಜೋಪಾನ ಮಾಡಿಕೊಂಡಿರುತ್ತದೆ. ಅದರ ಒಂದು ಸಾಲನ್ನು ನಿಧಾನವಾಗಿ ಓದಬೇಕು. ಕ್ರಮಸಂಖ್ಯೆ, ಹುಡುಗನ ಹೆಸರು, ತಂದೆಯ ಅಥವಾ ಪೋಷಕರ ಹೆಸರು, ಅವರ ಕಸುಬು, ವಾಸಸ್ಥಳ, ಜಾತಿ, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ: ಇಷ್ಟೂ ಒಂದೇ ಸಾಲಿನಲ್ಲಿ ಇರುತ್ತದೆ. ತಂದೆ ಹಳ್ಳಿಯಲ್ಲಿದ್ದು, ಪೋಷಕರ ಕಲಮಿನಲ್ಲಿ ಪೇಟೆಯ ಬೇರೊಬ್ಬರ ಹೆಸರಿದ್ದರೆ, ಹುಡುಗ ನೆಂಟರ ಮನೆಯಲ್ಲೋ ವಾರಾನ್ನದ ಆಸರೆಯಲ್ಲೋ ಜಾತಿವಾರು ವಿದ್ಯಾರ್ಥಿನಿಲಯದಲ್ಲೋ ಇದ್ದು ಓದಿದನೆಂದು ಊಹಿಸಿ, ಬೇರೆ ಮೂಲದಿಂದ ಖಚಿತಪಡಿಸಿಕೊಳ್ಳಲು ದಾರಿಯಾಗುತ್ತದೆ. ಹಿಂದೆ ಓದಿದ ಶಾಲೆಗಳ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಆ ಹೈಸ್ಕೂಲು ಎಷ್ಟು ದೂರದ ಹಳ್ಳಿಗಳಿಗೆ ಆಸರೆಯಾಗಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಬಿಟ್ಟ ಕಾರಣದ ಕಲಮಿನಲ್ಲಿ ‘ಶುಲ್ಕ ಬಾಕಿ’ ಎಂಬ ಎರಡು ಪದ ಒಂದೇ ಪುಟದಲ್ಲಿ ಮೇಲಿಂದ ಮೇಲೆ ಬಂದರೆ ಅದೇ ಒಂದು ಅಧ್ಯಾಯಕ್ಕೆ ವಸ್ತು.

ಆದರೂ ವಹಿಯನ್ನು ಕಣ್ಣುಮುಚ್ಚಿ ನಂಬಲಾಗದು. ಜನ್ಮ ದಿನಾಂಕದ ಕಲಮಿನಲ್ಲಿ ಜೂನ್ ಒಂದನೇ ತಾರೀಖು ವಿಪರೀತವಾಗಿ ಕಾಣಿಸಿಕೊಂಡರೆ ಅದು ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದೇ ಹೊರತು ಮಕ್ಕಳೆಲ್ಲ ಅಂದೇ ಹುಟ್ಟಿದ್ದಲ್ಲ. ಕ್ರಮಸಂಖ್ಯೆ ಒಂದು ಎಂದಿರುವ ಹುಡುಗ ಶಾಲೆಯ ಮೊದಲ ವಿದ್ಯಾರ್ಥಿಯೇ ಆಗಿರಬೇಕೆಂದೂ ಇಲ್ಲ, ಏಕೆಂದರೆ ಶಾಲೆಯ ದರ್ಜೆ ಬದಲಾದಾಗ ಅಥವಾ ಹಳೆಯ ಪುಸ್ತಕ ಕೆಟ್ಟುಹೋದಾಗ ಎಣಿಕೆಯನ್ನು ಮತ್ತೆ ಒಂದರಿಂದ ಆರಂಭಿಸಿರುವ ಸಾಧ್ಯತೆ ಇದೆ. ಅವನು ಸೇರಿದ್ದು ಮೇಲಿನ ತರಗತಿಗೆ ಎಂದಿದ್ದು, ಹಿಂದಿನ ಶಾಲೆಯ ಕಲಮು ಖಾಲಿಯಿದ್ದರೆ ಅನುಮಾನ ಪಡಬೇಕು.

ಇಡೀ ವಹಿಯನ್ನು ನಕಲು ಮಾಡುವ ಅಗತ್ಯವಿಲ್ಲ. ಹತ್ತು ವರ್ಷಕ್ಕೊಂದು ವರ್ಷವನ್ನು ಆರಿಸಿಕೊಂಡು, ಆ ವರ್ಷ ಸೇರಿದವರ ಸಮುದಾಯ, ಪೋಷಕರ ಕಸುಬು ಮತ್ತು ಊರುಗಳನ್ನು ಎಣಿಸಿ ಕೋಷ್ಟಕ ಮಾಡಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಶಾಲೆಯ ಚರಿತ್ರೆಯ ಹೂರಣ ಇರುವುದು ಈ ಕೋಷ್ಟಕದಲ್ಲಿ: ಯಾವ ಮನೆತನದ ಮಕ್ಕಳು ಮೊದಲು ಬಂದರು, ಯಾರಿಗೆ ಬಾಗಿಲು ತಡವಾಗಿ ತೆರೆಯಿತು, ತೆರೆದ ಮೇಲೆ ಎಷ್ಟು ಮಂದಿ ಕೊನೆಯ ತರಗತಿಯವರೆಗೆ ಉಳಿದರು. ಮೈಸೂರು ಸರ್ಕಾರ 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದೇ ಕಾಲದಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ. ಆರ್. ರೆಡ್ಡಿಯವರು ಸರ್ಕಾರಿ ಶಾಲೆಗಳಿಗೆ ದಲಿತ ಮಕ್ಕಳ ಪ್ರವೇಶವನ್ನು ಬೆಂಬಲಿಸಿದ್ದರು. ಆ ದಶಕದ ಮೊದಲಿನ ಮತ್ತು ಅನಂತರದ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆದೇಶ ಕಾಗದದಿಂದ ತರಗತಿಯ ಬೆಂಚಿಗೆ ಬರಲು ಎಷ್ಟು ವರ್ಷ ಹಿಡಿಯಿತೆಂಬುದು ತಿಳಿಯುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕೆಲವು ವರ್ಷ ವಹಿಯಲ್ಲಿ ಹುಡುಗಿಯರ ಹೆಸರು ಕಾಣಿಸಿ, ಆಮೇಲೆ ಒಮ್ಮೆಲೇ ಮಾಯವಾದರೆ, ಊರಿನಲ್ಲಿ ಆಗ ಪ್ರತ್ಯೇಕ ಬಾಲಿಕಾ ಶಾಲೆ ತೆರೆಯಿತೇ ಎಂದು ಮೊದಲು ನೋಡಬೇಕು.

ಗೋಡೆಯ ಮೇಲಿರುವ ಮುಖ್ಯೋಪಾಧ್ಯಾಯರ ಫಲಕ ಎಲ್ಲರಿಗೂ ಸುಲಭವಾಗಿ ಸಿಗುವ ಆಧಾರ, ಹಾಗಾಗಿಯೇ ಅದನ್ನು ಹೆಚ್ಚು ಪರೀಕ್ಷಿಸಬೇಕು. ಹತ್ತಿರ ನಿಂತು ಅಕ್ಷರಗಳನ್ನು ನೋಡಿರಿ. ಮೊದಲ ಹದಿನೈದು ಇಪ್ಪತ್ತು ಹೆಸರುಗಳು ಒಂದೇ ಕೈಬರಹದಲ್ಲಿ, ಒಂದೇ ಬಣ್ಣದಲ್ಲಿ ಇದ್ದು, ಅಲ್ಲಿಂದ ಮುಂದೆ ಒಂದೊಂದು ಸಾಲಿಗೂ ಬಣ್ಣ ಬೇರೆಯಾಗುತ್ತ ಹೋದರೆ, ಫಲಕ ತಯಾರಾದದ್ದು ಆ ಒಂದೇ ಕೈ ನಿಂತ ಕಾಲದಲ್ಲಿ, ಅದಕ್ಕಿಂತ ಮೇಲಿನ ಹೆಸರುಗಳನ್ನು ಯಾರೋ ಹಿರಿಯರನ್ನು ಕೇಳಿಯೋ ಹಳೆಯ ಫಲಕ ನೋಡಿಯೋ ಬರೆಸಿದ್ದು ಎಂದು ತಿಳಿಯಬಹುದು. ಪ್ರಭಾರದಲ್ಲಿದ್ದವರನ್ನು ಈ ಫಲಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಸಂಸ್ಥಾನದ ಕಾಲದ ಉದ್ಯೋಗಿಗಳ ಮುದ್ರಿತ ಪಟ್ಟಿಗಳೂ ಸರ್ಕಾರಿ ಗೆಜೆಟ್ಟಿನ ವರ್ಗಾವಣೆ ಪ್ರಕಟಣೆಗಳೂ ಈ ಫಲಕವನ್ನು ತಿದ್ದಲು ನೆರವಾಗುತ್ತವೆ. ಮುಖ್ಯೋಪಾಧ್ಯಾಯರ ಬಗ್ಗೆ ಹೊರಗಿನ ಮೂಲಗಳೂ ಇರುತ್ತವೆ: ಶಾಸನಗಳ ಸಂಪಾದನೆಗಾಗಿ ಹೆಸರಾದ ಬಿ. ಎಲ್. ರೈಸ್ ಅವರು 1860ರಲ್ಲಿ ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಬಂದು, ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರಾದವರು, ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು.

ಕಟ್ಟಡವನ್ನು ಓದುವಾಗ ಶಂಕುಸ್ಥಾಪನೆಯ ಕಲ್ಲು ಹೇಳುವುದು ಆ ಕಲ್ಲಿಟ್ಟ ದಿನವನ್ನು ಮಾತ್ರ ಎಂಬುದನ್ನು ಮರೆಯಬಾರದು. ಛಾವಣಿಯ ಹೆಂಚನ್ನು ತಿರುಗಿಸಿ ನೋಡಿದರೆ ತಯಾರಕರ ಮುದ್ರೆ ಸಿಗುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ, ಆದ್ದರಿಂದ ಆ ಮುದ್ರೆಯ ಹೆಂಚು ಅದಕ್ಕೂ ಹಿಂದಿನದಾಗಿರಲಾರದು. ಆದರೆ ಹೆಂಚು ಬದಲಾಯಿಸುವ ವಸ್ತುವಾದ್ದರಿಂದ ಅದರಿಂದ ಕಟ್ಟಡದ ವಯಸ್ಸು ನಿರ್ಣಯವಾಗುವುದಿಲ್ಲ. ಶಾಲೆ ಜಾಗ ಬದಲಿಸಿದ್ದರೆ ಕಾರಣ ಹುಡುಕಿರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಇಕ್ಕಟ್ಟಾದ ಪೇಟೆಯಿಂದ ಹೊರಗೆ ಹೊಸ ಬಡಾವಣೆಗಳು ಬೆಳೆದವು, ಅದರ ಜೊತೆಗೆ ಶಾಲೆಗಳ ಹಂಚಿಕೆಯೂ ಬದಲಾಯಿತು. ಪ್ಲೇಗು, 1918ರ ಇನ್‌ಫ್ಲುಯೆಂಜಾ, 1942ರ ಆಗಸ್ಟ್ ತಿಂಗಳ ಚಳವಳಿ ಮತ್ತು ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 1947ರ ‘ಮೈಸೂರು ಚಲೋ’ ಚಳವಳಿಯ ದಿನಗಳ ಹಾಜರಿ ಪುಸ್ತಕ ಅದೃಷ್ಟವಶಾತ್ ಉಳಿದಿದ್ದರೆ, ಮುಷ್ಕರದಲ್ಲಿ ಎಷ್ಟು ಮಕ್ಕಳು ಹೊರನಡೆದರು ಎಂಬ ಊರಿನ ಕಥೆಯನ್ನು ಅಲ್ಲಿನ ಗೈರುಹಾಜರಿಯ ಗುರುತುಗಳೊಂದಿಗೆ ತಾಳೆ ನೋಡಬಹುದು.

ಸ್ವಾತಂತ್ರ್ಯಾನಂತರದ ಹೆಸರುಗಳ ಸರಣಿಯೂ ಗೊಂದಲ ಹುಟ್ಟಿಸುತ್ತದೆ. ಪ್ರೌಢಶಿಕ್ಷಣದ ಸುಧಾರಣೆಗಾಗಿ ಕೇಂದ್ರ ಸರ್ಕಾರ ನೇಮಿಸಿದ್ದ ಮುದಲಿಯಾರ್ ಆಯೋಗದ ಶಿಫಾರಸಿನ ಫಲವಾಗಿ 1950ರ ದಶಕದಲ್ಲಿ ಕೆಲವು ಹೈಸ್ಕೂಲುಗಳು ಬಹೂದ್ದೇಶ ಪ್ರೌಢಶಾಲೆಗಳಾದವು, ಮುಂದೆ ಅವುಗಳಲ್ಲಿ ಹಲವು ಜೂನಿಯರ್ ಕಾಲೇಜುಗಳಾದವು, ಈಚೆಗೆ ಕೆಲವು ಕರ್ನಾಟಕ ಪಬ್ಲಿಕ್ ಶಾಲೆಗಳಾಗಿವೆ. ಊರಿನವರು ಮಾತ್ರ ಇಂದಿಗೂ ‘ಮುನಿಸಿಪಲ್ ಹೈಸ್ಕೂಲ್’ ಎಂದೇ ಕರೆಯುತ್ತಿರಬಹುದು. ಪ್ರತಿ ಹೆಸರು ಬದಲಾದ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನು ಹುಡುಕಿ ಬರೆದುಕೊಂಡರೆ ಕಡತ ಹುಡುಕುವಾಗ ಯಾವ ಹೆಸರಿನಲ್ಲಿ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಶಾಲೆಯ ಹೊರಗಿನ ದಾಖಲೆಗಳು ಎಲ್ಲಿವೆ ಎಂಬುದು 1956ರ ನವೆಂಬರ್ ಒಂದಕ್ಕೆ ಮುನ್ನ ಆ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು ಅವಲಂಬಿಸಿರುತ್ತದೆ. ಹಳೆಯ ಮೈಸೂರಿನ ಊರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಮೈಸೂರಿನಲ್ಲಿರುವ ಅದರ ವಿಭಾಗೀಯ ಕಚೇರಿಯನ್ನೂ ನೋಡಬೇಕು. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ವಿದ್ಯಾ ಇಲಾಖೆಗೆ ಪ್ರತ್ಯೇಕ ಭಾಗವಿರುತ್ತದೆ. ಆ ವರದಿಗಳ ವರ್ಷ ಜುಲೈಯಿಂದ ಜೂನ್‌ವರೆಗೆ ಎಂಬುದು ನೆನಪಿರಲಿ, ಇಲ್ಲದಿದ್ದರೆ ಘಟನೆಗಳು ಒಂದು ವರ್ಷ ಹಿಂದೆ ಮುಂದೆ ಆಗುತ್ತವೆ. ಹೆಚ್ಚಿನವರು ಮುಟ್ಟದ ಇನ್ನೊಂದು ಮೂಲ ಪ್ರಜಾಪ್ರತಿನಿಧಿ ಸಭೆಯ ನಡಾವಳಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾಗಿ ದಸರಾ ಸಮಯದಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ತಮ್ಮ ಊರಿನ ಬೇಡಿಕೆಗಳನ್ನು ಮಂಡಿಸುತ್ತಿದ್ದರು. ಹೈಸ್ಕೂಲಿಗಾಗಿ ಊರು ಎಷ್ಟು ವರ್ಷ ಬೇಡಿತು, ಸರ್ಕಾರ ಏನು ಉತ್ತರ ಕೊಟ್ಟಿತು ಎಂಬುದನ್ನು ಅಲ್ಲಿ ಹುಡುಕುವುದು ಸಾರ್ಥಕ.

ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯ ಶಾಲೆಗಳು ಮುಂಬಯಿ ಪ್ರಾಂತ್ಯದ ವಿದ್ಯಾ ಇಲಾಖೆಗೆ ಸೇರಿದ್ದವು, ಅವುಗಳ ಮೆಟ್ರಿಕ್ಯುಲೇಶನ್ ಫಲಿತಾಂಶ ಮುಂಬಯಿ ವಿಶ್ವವಿದ್ಯಾಲಯದ ಕ್ಯಾಲೆಂಡರುಗಳಲ್ಲಿ ಸಿಗುತ್ತದೆ, ಕಡತಗಳಿಗೆ ಮುಂಬಯಿಯ ಪತ್ರಾಗಾರಕ್ಕೆ ಹೋಗಬೇಕಾಗಬಹುದು. ಮಂಗಳೂರು, ಬಳ್ಳಾರಿಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರ. ಕಲಬುರಗಿ, ರಾಯಚೂರು, ಬೀದರ್‌ಗಳಿಗೆ ಹೈದರಾಬಾದು. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿದ್ದು, ಕಂದಾಯದ ಲೆಕ್ಕಕ್ಕೆಂದು ಬಳಕೆಗೆ ಬಂದ ಫಸಲಿ ವರ್ಷದಲ್ಲಿ ದಿನಾಂಕ ಹಾಕಿರುತ್ತವೆ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ: 1357ನೆಯ ಫಸಲಿ ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷ. ಉರ್ದು ಬಲ್ಲ ಹಿರಿಯರೊಬ್ಬರನ್ನು ಜೊತೆಗೂಡಿಸಿಕೊಳ್ಳದೆ ಕಲ್ಯಾಣ ಕರ್ನಾಟಕದ ಹಳೆಯ ಶಾಲೆಯ ಚರಿತ್ರೆಗೆ ಕೈಹಾಕಬಾರದು.

ಹಿರಿಯ ವಿದ್ಯಾರ್ಥಿಗಳನ್ನು ಮಾತನಾಡಿಸುವ ಕೆಲಸವನ್ನು ದಾಖಲೆ ನೋಡಿದ ಮೇಲೆ ಇಟ್ಟುಕೊಳ್ಳುವುದು ಲೇಸು, ಆದರೆ ಎಂಬತ್ತು ದಾಟಿದವರ ಮನೆಗೆ ಮಾತ್ರ ಮೊದಲೇ ಹೋಗಿಬಿಡಬೇಕು. ‘ನಿಮ್ಮ ಶಾಲಾದಿನ ಹೇಗಿತ್ತು’ ಎಂದು ಕೇಳಿದರೆ ‘ಬಹಳ ಚೆನ್ನಾಗಿತ್ತು, ಗುರುಗಳು ದೇವರಂಥವರು’ ಎಂಬ ಉತ್ತರವೇ ಬರುತ್ತದೆ. ಕುಡಿಯುವ ನೀರು ಎಲ್ಲಿಟ್ಟಿದ್ದರು, ಎಲ್ಲರೂ ಅದೇ ಲೋಟದಲ್ಲಿ ಕುಡಿಯುತ್ತಿದ್ದರೇ, ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗುತ್ತಿದ್ದಿರಿ, ಅರ್ಧ ಶುಲ್ಕದ ರಿಯಾಯಿತಿಗೆ ಯಾರ ಸಹಿ ಬೇಕಿತ್ತು, ಬೆಂಚಿನಲ್ಲಿ ಪಕ್ಕ ಯಾರು ಕೂರುತ್ತಿದ್ದರು ಎಂದು ಕೇಳಿರಿ. ಹೆಸರಾಂತ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಇಂಥ ಮಾತುಗಳ ಆಧಾರದ ಮೇಲೆ ಮಾತ್ರ ತಯಾರಿಸಬಾರದು. ಹಿಂದೆ ಪರೀಕ್ಷಾ ಕೇಂದ್ರಗಳು ಕಡಿಮೆಯಿದ್ದುದರಿಂದ, ಮೂರು ದಿನ ಅಲ್ಲಿ ಕುಳಿತು ಪರೀಕ್ಷೆ ಬರೆದುಹೋದವರನ್ನೂ ಆ ಶಾಲೆ ತನ್ನವರೆಂದು ಹೇಳಿಕೊಂಡಿರಬಹುದು. ದಾಖಲಾತಿ ಸಂಖ್ಯೆ ಸಿಕ್ಕವರನ್ನು ಮಾತ್ರ ಸೇರಿಸಿರಿ.

ಬರೆಯಲು ಕುಳಿತಾಗ ವಹಿಯಲ್ಲಿ ಕಂಡ ಸಾಮಾನ್ಯರ ಜಾತಿ, ಜನ್ಮ ದಿನಾಂಕ, ಶುಲ್ಕ ಬಾಕಿಗಳನ್ನು ಹೆಸರು ಸಹಿತ ಮುದ್ರಿಸಬಾರದು. ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ಒಟ್ಟು ಅಂಕಿಗಳಷ್ಟೇ ಸಾಕು. ಈಚಿನ ದಶಕಗಳಲ್ಲಿ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳತ್ತ ಊರು ಹೊರಳಿ, ಈ ಶಾಲೆಯ ದಾಖಲಾತಿ ಇಳಿದಿದ್ದರೆ ಅದನ್ನೂ ಅದೇ ಕೋಷ್ಟಕದಲ್ಲಿ ತೋರಿಸಬೇಕು. ಸ್ಮರಣ ಸಂಚಿಕೆಗಳು ಈ ಭಾಗವನ್ನು ಜಾರಿಸಿಬಿಡುತ್ತವೆ, ಆದರೆ ಇಂದು ಅಲ್ಲಿ ಓದುತ್ತಿರುವ ಮಕ್ಕಳ ಕಾಲವೂ ಚರಿತ್ರೆಯೇ.

ವಹಿಗಳ ಛಾಯಾಚಿತ್ರ ತೆಗೆಯುವಾಗ ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಬೆನ್ನು ಬಿಟ್ಟಿರುವ ಪುಸ್ತಕವನ್ನು ಬಲವಂತವಾಗಿ ಅಗಲಿಸದೆ ಎರಡೂ ಕಡೆ ಆಸರೆ ಕೊಟ್ಟು ತೆರೆಯಬೇಕು, ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಲೇಬಾರದು. ಪ್ರತಿ ಚಿತ್ರಕ್ಕೂ ವಹಿಯ ಸಂಖ್ಯೆ ಮತ್ತು ಪುಟದ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಒಂದು ಪ್ರತಿಯನ್ನು ಶಾಲೆಯ ಕಚೇರಿಗೆ ಒಪ್ಪಿಸಿ, ಸ್ವೀಕರಿಸಿದ ಬಗ್ಗೆ ಸಹಿ ಪಡೆಯಿರಿ. ಬರಹ ಅಚ್ಚಾದ ಮೇಲೆ ಶಾಲೆಯ ಗ್ರಂಥಾಲಯಕ್ಕೂ ನಗರ ಕೇಂದ್ರ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕೊಡುವಾಗ, ಯಾವ ವಹಿ ಯಾವ ಬೀರುವಿನ ಯಾವ ಅರೆಯಲ್ಲಿದೆ ಎಂಬ ಪಟ್ಟಿಯನ್ನು ಶಾಲೆಯ ಪ್ರತಿಯ ಕೊನೆಯ ಪುಟಕ್ಕೆ ಅಂಟಿಸಿಡಿ.