ಸಾಲಿಸಿಟರ್ ತರಬೇತಿ: ಯಾರ್ಕ್‌ಶೈರ್‌ನ ಕಚೇರಿಯಲ್ಲಿ ಕನ್ವೇಯನ್ಸಿಂಗ್ ಕಲಿತ ಬಗೆ

ಇಂಗ್ಲೆಂಡಿನ ಪ್ರಾಂತೀಯ ಕಚೇರಿಯಲ್ಲಿ ಸಾಲಿಸಿಟರ್ (ಕಕ್ಷಿದಾರರ ಕಾನೂನು ಕೆಲಸ ನೋಡಿಕೊಳ್ಳುವ ವಕೀಲ) ಆಗಲು ತರಬೇತಿ ಪಡೆಯುವುದರ ದೊಡ್ಡ ಲಾಭವೆಂದರೆ, ಫೈಲು ತೆರೆಯುವುದರಿಂದ ಮುಚ್ಚುವವರೆಗಿನ ಕೆಲಸವೆಲ್ಲ ಟ್ರೈನಿಯ ಕೈಗೇ ಬರುತ್ತದೆ. ತರಬೇತಿ ಎರಡು ವರ್ಷದ್ದು. ಸಾಮಾನ್ಯವಾಗಿ ಆರಾರು ತಿಂಗಳ ನಾಲ್ಕು ‘ಸೀಟು’, ಅಂದರೆ ಒಂದೊಂದು ವಿಭಾಗದಲ್ಲಿ ಕೆಲಸ. ಆಡಿದ ಮಾತು, ಓದಿದ ಪತ್ರ ಎಲ್ಲವನ್ನೂ ಆರು ನಿಮಿಷದ ಯೂನಿಟ್ ಲೆಕ್ಕದಲ್ಲಿ ಆಗಿಂದಾಗಲೇ ದಾಖಲಿಸಬೇಕು. ಸಂಜೆ ಕೂತು ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ನನಗೆ ಹೆಚ್ಚು ಕಲಿಸಿದ್ದು ಮನೆ ಖರೀದಿಯ ಸೀಟು, ಅಂದರೆ ಕನ್ವೇಯನ್ಸಿಂಗ್. ಇಲ್ಲಿ ಬರೆಯುವುದೂ ಅದನ್ನೇ.

ಕರ್ನಾಟಕದಲ್ಲಿ ಕಾನೂನು ಕಲಿತು ಹೋದವರು ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ನಮ್ಮ ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು. ಹಕ್ಕು ಯಾರದೆಂದು ಕಾಣಲು ಮೂಲಪತ್ರ, ಇಸಿ, ಖಾತೆ ಎಲ್ಲವನ್ನೂ ಜಾಲಾಡುತ್ತೇವೆ. ಅಲ್ಲಿನ ಲ್ಯಾಂಡ್ ರಿಜಿಸ್ಟ್ರಿ ನೋಂದಾಯಿಸುವುದು ಹಕ್ಕನ್ನೇ. ಅದಕ್ಕೆ ಸರ್ಕಾರದ ಖಾತರಿಯಿದೆ. ಆದ್ದರಿಂದ ಹಳೆಯ ಕ್ರಯಪತ್ರಗಳ ಸರಣಿಗಿಂತ ರಿಜಿಸ್ಟರಿನ ಮೂರು ಭಾಗಗಳನ್ನು ಸಾಲು ಬಿಡದೆ ಓದುವುದು ಮುಖ್ಯ: ಎ ಭಾಗದಲ್ಲಿ ಆಸ್ತಿಯ ವಿವರ, ಬಿ ಭಾಗದಲ್ಲಿ ಮಾಲೀಕರು ಮತ್ತು ನಿರ್ಬಂಧಗಳು, ಸಿ ಭಾಗದಲ್ಲಿ ಅಡಮಾನ ಮತ್ತು ಷರತ್ತುಗಳು. ಬಿ ಭಾಗದಲ್ಲಿ ನಿರ್ಬಂಧ ಕಂಡರೆ ಯಾರ ಒಪ್ಪಿಗೆ ಪತ್ರ ಬೇಕೆಂದು ಅಂದೇ ಬರೆದಿಡುತ್ತಿದ್ದೆ. ಅದು ಕೊನೆಯಲ್ಲಿ ಕಣ್ಣಿಗೆ ಬಿದ್ದರೆ ನೋಂದಣಿ ಅಲ್ಲೇ ನಿಲ್ಲುತ್ತದೆ.

ಫೈಲು ತೆರೆಯುವ ದಿನವೇ ಗುರುತಿನ ದಾಖಲೆ ಮತ್ತು ಹಣದ ಮೂಲ ಕೇಳಬೇಕು. ಭಾರತದಿಂದ ಅಪ್ಪ–ಅಮ್ಮ ಕಳಿಸುವ ಹಣವಿದ್ದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಉಡುಗೊರೆ ಪತ್ರ ಎರಡನ್ನೂ ಪಡೆದು, ಸಾಲ ಕೊಡುವ ಬ್ಯಾಂಕಿಗೂ ತಿಳಿಸಬೇಕು. ತಪಾಸಣೆ ಮುಗಿಯುವ ಮುನ್ನ ಹಣ ಕ್ಲೈಂಟ್ ಖಾತೆಗೆ (ಕಕ್ಷಿದಾರರ ಹಣವಿಡುವ ಕಚೇರಿಯ ಬ್ಯಾಂಕ್ ಖಾತೆ) ಬರಕೂಡದು.

ನಂತರ ಸರ್ಚ್‌ಗಳು, ಅಂದರೆ ಆಸ್ತಿಯ ಬಗ್ಗೆ ಮಾಹಿತಿ ತರಿಸುವುದು: ಕೌನ್ಸಿಲ್ (ಸ್ಥಳೀಯ ಆಡಳಿತ), ನೀರು–ಚರಂಡಿ, ಪರಿಸರ. ಬಾರ್ನ್ಸ್‌ಲಿ, ವೇಕ್‌ಫೀಲ್ಡ್ ಸುತ್ತ ಕಲ್ಲಿದ್ದಲು ಗಣಿ ಸರ್ಚ್ ಬಿಡುವಂತೆಯೇ ಇಲ್ಲ. ಮನೆಯ ಕೆಳಗೆ ಹಳೆಯ ಗಣಿ ಇರಬಹುದು. ಸಾಮಾನ್ಯವಾಗಿ ಕಂಪ್ಲೀಷನ್ (ಪೂರ್ತಿ ಹಣ ಕೊಟ್ಟು ಮನೆ ವಶಕ್ಕೆ ಪಡೆಯುವ) ದಿನಕ್ಕೆ ಸರ್ಚ್‌ಗಳು ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಬ್ಯಾಂಕು ಒಪ್ಪುವುದಿಲ್ಲ. ಮಾರುವವರು ಮನೆಯ ಬಗೆಗಿನ ಪ್ರಶ್ನೆಗಳಿಗೆ ಉತ್ತರ ತುಂಬಿದ ಟಿಎ6 ಫಾರಂ ಓದುವಾಗ ಖಾಲಿ ಬಿಟ್ಟ ಉತ್ತರಗಳನ್ನೇ ಮೊದಲು ನೋಡಿ. ಹಿಂಬದಿ ಕೋಣೆ ಕಟ್ಟಿದ್ದಾರೆ, ಬಿಲ್ಡಿಂಗ್ ರೆಗ್ಯುಲೇಷನ್ ಪ್ರಮಾಣಪತ್ರ ಇಲ್ಲ ಎಂಬಂಥವು ಅಲ್ಲೇ ಅಡಗಿರುತ್ತವೆ.

ಕರಾರು ವಿನಿಮಯ ನಡೆಯುವುದು ಫೋನಿನಲ್ಲಿ. ಹೆಚ್ಚಾಗಿ ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯ ‘ಫಾರ್ಮುಲಾ ಬಿ’ ಎಂಬ ಕ್ರಮದಲ್ಲಿ: ಎರಡೂ ಕಡೆಯ ಸಾಲಿಸಿಟರ್‌ಗಳ ಬಳಿ ತಮ್ಮ ತಮ್ಮ ಕಕ್ಷಿದಾರರು ಸಹಿ ಮಾಡಿದ ಪ್ರತಿ ಇರುತ್ತದೆ. ಮಾತಾಡುತ್ತಲೇ ಸಮಯ, ಆ ಕಡೆಯವರ ಹೆಸರು, ಕಂಪ್ಲೀಷನ್ ದಿನಾಂಕ, ಡಿಪಾಸಿಟ್ (ಸಾಮಾನ್ಯವಾಗಿ ನೂರಕ್ಕೆ 10) ಬರೆದುಕೊಳ್ಳಬೇಕು. ಆ ಕ್ಷಣದಿಂದ ಇಬ್ಬರಿಗೂ ಹಿಂದೆ ಸರಿಯಲು ದಾರಿಯಿಲ್ಲ. ವಿವಾದ ಬಂದರೆ ಆ ಟಿಪ್ಪಣಿಯೇ ಸಾಕ್ಷಿ. ಫಾರ್ಮುಲಾ ಬಿ ಎಂದರೆ ಅಂಡರ್‌ಟೇಕಿಂಗ್ (ಸಾಲಿಸಿಟರ್ ಕೊಡುವ ಬದ್ಧ ವಚನ) ಕೊಟ್ಟಂತೆಯೇ. ಅದು ಇಡೀ ಕಚೇರಿಯನ್ನು ಕಟ್ಟಿಹಾಕುತ್ತದೆ, ತಪ್ಪಿದರೆ ಶಿಸ್ತುಕ್ರಮ. ಹಾಗಾಗಿ ಮೇಲಿನವರ ಅನುಮತಿ ಇಲ್ಲದೆ ಟ್ರೈನಿ ಇಮೇಲಿನಲ್ಲೂ ‘ನಾವು ಕಳಿಸಿಕೊಡುತ್ತೇವೆ’ ಎಂದು ಬರೆಯಬಾರದು.

ಹಣ ಕಳಿಸುವ ಮುನ್ನ ಆ ಕಡೆಯ ಕಚೇರಿಯ ಖಾತೆ ಸಂಖ್ಯೆಯನ್ನು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಇಮೇಲಿನ ಕೆಳಗಿರುವ ನಂಬರಿಗಲ್ಲ, ಬೇರೆ ಕಡೆಯಿಂದ ಹುಡುಕಿದ ನಂಬರಿಗೆ. ಖಾತೆ ಬದಲಾಗಿದೆ ಎಂಬ ಇಮೇಲ್ ಬಂದರೆ ಮೋಸವೆಂದೇ ತಿಳಿದು ಕೆಲಸ ನಿಲ್ಲಿಸಬೇಕು.

ಕಂಪ್ಲೀಷನ್‌ಗೆ ಮುಂಚೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಓಎಸ್1 ಸರ್ಚ್ ಮಾಡಿದರೆ 30 ಕೆಲಸದ ದಿನಗಳ ಆದ್ಯತೆ ಸಿಗುತ್ತದೆ, ಅಂದರೆ ಆ ಅವಧಿಯೊಳಗೆ ಹಾಕಿದ ನಮ್ಮ ಅರ್ಜಿಯೇ ಮುಂದೆ. ಸಾಲವಿದ್ದರೆ ಅದನ್ನು ಬ್ಯಾಂಕಿನ ಹೆಸರಿನಲ್ಲಿ ಮಾಡಬೇಕು. ಕೊಳ್ಳುವವರಿಗೂ ಅದರಿಂದಲೇ ರಕ್ಷಣೆ. ಅವಧಿ ಮೀರಿ ಹೊಸ ಸರ್ಚ್ ಮಾಡಿದರೆ ಹಳೆಯ ಆದ್ಯತೆ ಮುಂದುವರಿಯುವುದಿಲ್ಲ. ನಡುವೆ ಬೇರೆಯವರ ಅರ್ಜಿ ಬಂದಿದ್ದರೆ ಅದೇ ಮುಂದೆ. ನಾನು ಡೈರಿಯಲ್ಲಿ ಕೊನೆಯ ದಿನವನ್ನೂ ಅದಕ್ಕೆ ಒಂದು ವಾರ ಮೊದಲಿನ ದಿನವನ್ನೂ ಗುರುತು ಹಾಕುತ್ತಿದ್ದೆ.

ಸ್ಟಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್ (ಆಸ್ತಿ ಖರೀದಿಯ ತೆರಿಗೆ) ರಿಟರ್ನ್‌ಗೆ ಕಂಪ್ಲೀಷನ್‌ನಿಂದ 14 ದಿನ ಗಡುವು. ತೆರಿಗೆ ಸೊನ್ನೆಯಾದರೂ ಸಾಮಾನ್ಯ ಮನೆ ಖರೀದಿಗೆ ರಿಟರ್ನ್ ಹಾಕಲೇಬೇಕು. ತಡವಾದರೆ ಕನಿಷ್ಠ 100 ಪೌಂಡ್ ದಂಡ. ಅದರ ಪ್ರಮಾಣಪತ್ರ ಎಸ್‌ಡಿಎಲ್‌ಟಿ5 ಇಲ್ಲದೆ ನೋಂದಣಿ ಆಗದು. ಅದು ಕೈಗೆ ಬಂದ ಮೇಲೆ ಎಪಿ1 ಅರ್ಜಿ, ವರ್ಗಾವಣೆ ಪತ್ರ ಟಿಆರ್1, ಅಡಮಾನ ಪತ್ರ ಸೇರಿಸಿ ಲ್ಯಾಂಡ್ ರಿಜಿಸ್ಟ್ರಿಗೆ ಕಳಿಸಬೇಕು.

ಅರ್ಜಿಗೆ ಆಕ್ಷೇಪ ಬರುವುದು ಹೆಚ್ಚಾಗಿ ಸಣ್ಣ ವಿಷಯಕ್ಕೆ, ಅದರಲ್ಲೂ ಹೆಸರಿಗೆ. ನಮ್ಮ ಕಡೆಯವರ ಹೆಸರಿನಲ್ಲಿ ಇದು ಇನ್ನೂ ಜಾಸ್ತಿ: ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುತ್ತದೆ, ಸಾಲದ ಪತ್ರದಲ್ಲಿ ಒಂದೇ ಅಕ್ಷರ, ಟಿಆರ್1ನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿ ಕೂತಿರುತ್ತದೆ. ಸಾಲದ ಆಫರ್ ಬಂದ ದಿನವೇ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಹೋಲಿಸಿ, ವ್ಯತ್ಯಾಸವಿದ್ದರೆ ಬ್ಯಾಂಕಿನಿಂದ ತಿದ್ದಿಸಿಕೊಳ್ಳಬೇಕು. ಸಹಿಯಾದ ಮೇಲೆ ತಿದ್ದಲು ವಾರಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಆ 30 ದಿನ ಕರಗುತ್ತಿರುತ್ತದೆ.