ಮೂರು ಸಲ ಬಿಚ್ಚಿದ ಪೆಟ್ರೋಲ್ ಕಾಕ್

ನನ್ನ ಹತ್ತಿರ ಇರುವುದು 1930ರ ಫೋರ್ಡ್ ಮಾಡೆಲ್ ಎ. ಕಾರು ಸುಮ್ನೆ ನಿಂತಿದ್ದರೂ ಬೆಳಗ್ಗೆ ಗ್ಯಾರೇಜ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಮ್ಮ ದೇವರ ಮನೆ ಆ ಗ್ಯಾರೇಜಿನ ಗೋಡೆಗೇ ಅಂಟಿಕೊಂಡಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಶುರು ಮಾಡುತ್ತಿದ್ದರು, "ಆ ಡಬ್ಬಾನ ಸರಿ ಮಾಡಿಸು, ಇಲ್ಲಾಂದ್ರೆ ಬೀದೀಲಿ ನಿಲ್ಸು." ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಈ ಕಾರಿನ ಟ್ಯಾಂಕ್ ಹಿಂದೆ ಇಲ್ಲ. ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ ಇದೆ, ಅಂದ್ರೆ ಹೆಚ್ಚೂಕಡಿಮೆ ಕೂತವರ ಮೊಣಕಾಲಿನ ಮೇಲೆ. 11 ಅಮೆರಿಕನ್ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 42 ಲೀಟರ್. ಪೆಟ್ರೋಲ್ ಪಂಪ್ ಇಲ್ಲವೇ ಇಲ್ಲ. ತಾರಸಿ ಮೇಲಿನ ಸಿಂಟೆಕ್ಸ್‌ನಿಂದ ನಲ್ಲಿಗೆ ನೀರು ಬರುವ ಹಾಗೆ ಪೆಟ್ರೋಲ್ ತಾನೇ ಇಳಿದು, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಸೇರುತ್ತದೆ. ನಡುವೆ ಅದನ್ನು ತಡೆಯುವುದು ಒಂದು ಪುಟ್ಟ ಹಿತ್ತಾಳೆ ಕಾಕ್. ಕಾರು ನಿಲ್ಲಿಸಿದಾಗ ಅದನ್ನು ಮುಚ್ಚಲೇಬೇಕು. ಮುಚ್ಚದಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿಗೆ ಒಂದು ಚೂರು ಕಸ ಸಿಕ್ಕಿದರೂ ಸಾಕು, ಅಷ್ಟೂ ಪೆಟ್ರೋಲ್ ನೆಲಕ್ಕೆ.

ಕಾಕ್ ಸೋರುತ್ತಿದೆ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಆದ್ರೆ ಅದರಲ್ಲಿ ಎರಡು ಥರ ಇದೆ. ಮುಚ್ಚಿದರೂ ಪೈಪಿನೊಳಗೆ ಪೆಟ್ರೋಲ್ ಇಳಿಯುತ್ತಿದ್ದರೆ ಅದು ಒಳಸೋರಿಕೆ. ಹಿಡಿಯ ಬುಡದಲ್ಲೋ, ಕಾಕನ್ನು ಟ್ಯಾಂಕಿಗೆ ತಿರುಗಿಸಿ ಕೂರಿಸುವ ಮರೆಯಲ್ಲೋ (ಥ್ರೆಡ್) ಜಿನುಗಿ ಕೆಳಗಿನ ಮ್ಯಾಟ್ ಒದ್ದೆಯಾದರೆ ಅದು ಹೊರಸೋರಿಕೆ. ನನ್ನದಕ್ಕೆ ಎರಡೂ ಇತ್ತು. ಅದು ಗೊತ್ತಾಗದೆ ಒಂದನ್ನು ಸರಿ ಮಾಡಿ ಇನ್ನೊಂದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದೆ.

ಪೆಟ್ರೋಲ್ ಬೇರೆ ಆರಿಹೋಗುತ್ತದೆ. ಎಲ್ಲಿಂದ ಬಂತು ಅಂತ ನೋಡುವಷ್ಟರಲ್ಲಿ ಬರೀ ಕಂದು ಕಲೆ. ಕೊನೆಗೆ ಮಗಳ ಸ್ಲೇಟಿನ ಸೀಮೆಸುಣ್ಣ ತಂದು ಕಾಕ್, ನಟ್ಟು, ಪೈಪು, ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಗೇಜಿನ ಸುತ್ತ, ಎಲ್ಲಾ ಕಡೆ ಒಣ ಬಟ್ಟೆಯಲ್ಲಿ ಒರೆಸಿ ಬಳಿದೆ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಹಿಡಿಯ ಬುಡದಲ್ಲಿ ಬಿಳಿ ಹೋಗಿ ಬೂದು ಬಣ್ಣದ ಉಂಗುರ ಮೂಡಿತ್ತು. ಅಲ್ಲಿಂದ ಒಂದು ಗೆರೆ ಪೈಪಿನ ಗುಂಟ ಕೆಳಗಿಳಿದಿತ್ತು. ನಾನು ಅಲ್ಲಿಯವರೆಗೂ ಆ ಪೈಪಿನ ನಟ್ಟನ್ನೇ ಬಿಗಿ ಮಾಡುತ್ತಿದ್ದೆ!

ಬಿಚ್ಚುವ ಮೊದಲು ಬ್ಯಾಟರಿ ವೈರ್ ತೆಗೆದೆ. ಇದು 6 ವೋಲ್ಟಿನ ಗಾಡಿ, ಕಾರಿನ ಲೋಹದ ಮೈಗೆ ಕೂರುವುದು ಬ್ಯಾಟರಿಯ ಪ್ಲಸ್ಸು, ಈಗಿನ ಕಾರುಗಳಿಗೆ ಉಲ್ಟಾ. ಕಾರನ್ನು ತಳ್ಳಿ ಅಂಗಳಕ್ಕೆ ತಂದು, ಟ್ಯಾಂಕ್ ಪೂರ್ತಿ ಕ್ಯಾನಿಗೆ ಇಳಿಸಿದೆ. ಕಾಕ್ ಬಿಚ್ಚುವಾಗ ಒಂದೇ ಪಾನಾ ಹಾಕಿ ಜಗ್ಗಬೇಡಿ. ಟ್ಯಾಂಕಿಗೆ ಕೂರಿಸಿರುವ ಮರೆಯ ಭಾಗವನ್ನು ಇನ್ನೊಂದರಲ್ಲಿ ಹಿಡಿದುಕೊಳ್ಳಿ. ಅದು ಸೀಳಿದರೆ ಆಮೇಲೆ ಟ್ಯಾಂಕನ್ನೇ ಇಳಿಸಬೇಕಾಗುತ್ತದೆ, ಈ ಕಾರಿನಲ್ಲಿ ಟ್ಯಾಂಕ್ ಅಂದ್ರೆ ಅರ್ಧ ಬಾಡಿ.

ಕಾಕ್ ಒಳಗೆ ಇರುವುದು ತುಂಬಾ ಸರಳ. ಬಾಟಲಿ ಬಿರಡೆಯ ಹಾಗೆ ಒಂದು ಕಡೆ ಸಣ್ಣಗಾಗುತ್ತಾ ಹೋಗುವ ಹಿತ್ತಾಳೆ ತುಂಡು, ಅದಕ್ಕೆ ಅಡ್ಡಲಾಗಿ ಒಂದು ತೂತು. ಹಿಡಿ ಪೈಪಿನ ನೇರಕ್ಕಿದ್ದರೆ ತೂತು ಸೇರುತ್ತದೆ, ಅಡ್ಡ ಮಾಡಿದರೆ ಮುಚ್ಚುತ್ತದೆ. ನನ್ನ ಕಾಕಿನಲ್ಲಿ ಬಿರಡೆಯ ಸಣ್ಣ ತುದಿಯಲ್ಲಿ ಸ್ಪ್ರಿಂಗ್, ವಾಷರ್, ಸ್ಪ್ಲಿಟ್ ಪಿನ್. ರಬ್ಬರ್ ಇಲ್ಲ, ಏನೂ ಇಲ್ಲ, ಹಿತ್ತಾಳೆಗೆ ಹಿತ್ತಾಳೆ ಕೂತು ಪೆಟ್ರೋಲ್ ತಡೆಯಬೇಕು. ಹೊರಗೆ ಯಾರೋ ಎಂ-ಸೀಲ್ ಮೆತ್ತಿದ್ದರು. ಒಳಗೆ ಬಿರಡೆ ಮೇಲೆ ಕಂದು ಅಂಟು, ಅದರ ಕೆಳಗೆ ಕೂದಲೆಳೆಯಷ್ಟು ಗೀರುಗಳು. ಇಷ್ಟು ವರ್ಷ ಆ ಅಂಟೇ ಸೋರದಂತೆ ಹಿಡಿದಿತ್ತು ಅಂತ ನನಗನ್ನಿಸುತ್ತದೆ. ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಲು ಶುರು ಮಾಡಿದ ಮೇಲೆ ಹಳೇ ಅಂಟು ಕರಗಿತು, ಗೀರು ಬಾಯಿಬಿಟ್ಟಿತು.

ಮೊದಲ ಸಲ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಡಬ್ಬಿಯಲ್ಲಿ ಒಂದು ಕಡೆ ಒರಟು, ಇನ್ನೊಂದು ಕಡೆ ನಯ ಇರುತ್ತದಲ್ಲ, ಬೇಗ ಆಗಲಿ ಅಂತ ಒರಟಿನಿಂದ ಉಜ್ಜಿದೆ. ಆ ಪೇಸ್ಟ್ ಉಕ್ಕಿನ ವಾಲ್ವ್‌ಗೆ ಇರುವುದು. ಮೆದು ಹಿತ್ತಾಳೆಯಲ್ಲಿ ಅದರ ಕಾಳು ಹೂತುಕೊಂಡು, ಆಮೇಲೆ ಕಾಕ್ ತಿರುಗಿಸಿದಾಗಲೆಲ್ಲ ಉಜ್ಜುತ್ತಲೇ ಇರುತ್ತದೆ. ಮೇಲಿಂದ ಮಾಮೂಲಿ ಚಕ್ರದ ಗ್ರೀಸ್ ಬಳಿದು ಕೂರಿಸಿದೆ. ಒಂದು ವಾರ ಎಷ್ಟು ಚೆನ್ನಾಗಿತ್ತು ಅಂದ್ರೆ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಎಂಟನೇ ದಿನ ಪೆಟ್ರೋಲ್ ಆ ಗ್ರೀಸನ್ನು ತೊಳೆದುಕೊಂಡು ಹೋಗಿತ್ತು, ಮ್ಯಾಟ್ ಮತ್ತೆ ಒದ್ದೆ.

ಎರಡನೇ ಸಲ ತಾಳ್ಮೆಯಿಂದ ಕೂತೆ. ಬಿರಡೆ ಮತ್ತು ಒಳಮೈಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೆನ್ನಾಗಿ ತೊಳೆದು, ಪಾತ್ರೆ ಬೆಳಗುವ ಬ್ರಾಸೋ ಎರಡು ಹನಿ ಹಾಕಿದೆ. ಬೆರಳ ತುದಿಯಲ್ಲಷ್ಟೇ ಒತ್ತಿ ಹಿಂದೆ ಮುಂದೆ ಕಾಲು ಸುತ್ತು ಆಡಿಸುವುದು, ನಾಲ್ಕೈದು ಸಲಕ್ಕೊಮ್ಮೆ ಬಿರಡೆ ಎತ್ತಿ ಬೇರೆ ಜಾಗಕ್ಕೆ ಕೂರಿಸಿ ಮತ್ತೆ ಆಡಿಸುವುದು. ಎತ್ತದೆ ಒಂದೇ ಸಮ ಗಿರಗಿರ ತಿರುಗಿಸಿದರೆ ಸುತ್ತಲೂ ಉಂಗುರದ ಗೀರು ಬೀಳುತ್ತದೆ. ಸರಿಯಾಗಿದೆಯಾ ಅಂತ ನೋಡಲು ಬಿರಡೆ ಮೇಲೆ ಮಾರ್ಕರ್ ಪೆನ್ನಿನಲ್ಲಿ ಉದ್ದುದ್ದ ಗೆರೆ ಎಳೆದು, ಒಣಗಿಸಿ, ಒಳಗಿಟ್ಟು ಸ್ವಲ್ಪ ತಿರುಗಿಸಿ ತೆಗೆಯುತ್ತಿದ್ದೆ. ಗೆರೆ ಎಲ್ಲಾ ಕಡೆ ಸಮನಾಗಿ ಅಳಿಸಿದ್ದರೆ ಬಿರಡೆ ಪೂರ್ತಿ ಕೂತಿದೆ ಅಂತ. ಮೊದಲು ಅಗಲದ ಕಡೆ ಮಾತ್ರ ಅಳಿಸುತ್ತಿತ್ತು. ಸುಮಾರು ಒಂದೂವರೆ ಗಂಟೆ ಉಜ್ಜಿದ ಮೇಲೆ ತೂತಿನ ಸುತ್ತಲೂ ಅಳಿಸಿತು, ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಉಜ್ಜುತ್ತಾ ಹೋದರೆ ಬಿರಡೆ ಕೆಳಗಿಳಿದು ತೂತಿಗೆ ತೂತು ಸೇರುವುದಿಲ್ಲ.

ಈ ಸಲ ಬಳಿದದ್ದು ವಿಮಾನದ ಪೆಟ್ರೋಲ್ ವಾಲ್ವ್‌ಗಳಿಗೆ ಹಾಕುವ ಗ್ರೀಸ್, ಪೆಟ್ರೋಲಿಗೆ ಕರಗುವುದಿಲ್ಲ. ಜೇನುತುಪ್ಪ ಗಟ್ಟಿಯಾದ ಹಾಗಿರುತ್ತದೆ. ತೆಳ್ಳಗೆ ಬಳಿದರೆ ಸಾಕು, ಜಾಸ್ತಿಯಾದರೆ ತೂತಿಗೇ ಹೋಗಿ ಕೂರುತ್ತದೆ.

ಕೂರಿಸುವ ಮೊದಲು ಕಾಕಿಗೆ ಒಂದು ಮೀಟರ್ ಪಾರದರ್ಶಕ ಪೈಪ್ ಸಿಕ್ಕಿಸಿ, ಪೆಟ್ರೋಲ್ ತುಂಬಿ, ಅಂಗಳದ ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿ ರಾತ್ರಿಯೆಲ್ಲ ಬಿಟ್ಟೆ. ಕೆಳಗೆ ಸ್ಟೀಲ್ ಲೋಟ. ಬೆಳಗ್ಗೆ ಲೋಟ ಒಣಗಿತ್ತು, ಆದ್ರೆ ನಾನೇ ಹೇಳಿದ್ದೆನಲ್ಲ, ಪೆಟ್ರೋಲ್ ಆರಿಹೋಗುತ್ತದೆ. ಅದಕ್ಕೆ ಪೈಪಿನ ಮೇಲೆ ಎಷ್ಟು ಎತ್ತರಕ್ಕಿತ್ತು ಅಂತ ಗೆರೆ ಹಾಕಿದ್ದೆ. ಗೆರೆಯಿಂದ ಕೂದಲಷ್ಟೂ ಇಳಿದಿರಲಿಲ್ಲ. ಅಮ್ಮನನ್ನು ಕರೆದು ತೋರಿಸಿದೆ. "ಕಾರಿಗೆ ಹಾಕಿ ತೋರ್ಸು" ಅಂದರು.

ಕಾರಿಗೆ ಹಾಕಿದೆ, ಮರೆಯಲ್ಲಿ ಸೋರಿತು. ಪ್ಲಂಬರ್‌ಗಳು ಸುತ್ತುವ ಬಿಳಿ ಟೇಪ್ ಸುತ್ತಿದ್ದು ತಪ್ಪಾಯಿತು. ಅದೂ ಸಾಲದು ಅಂತ ಟೇಪಿನ ಒಂದು ಎಳೆ ಒಳಗೆ ಹರಿದು ಕಾರ್ಬುರೇಟರಿನ ಸಣ್ಣ ತೂತಿಗೆ (ಜೆಟ್) ಸಿಕ್ಕಿ, ಸಿಗ್ನಲ್‌ನಲ್ಲಿ ಎಂಜಿನ್ ಆಫ್. ಹಿಂದಿನ ಆಟೋದವನು ಇಳಿದು ಬಂದು ತಳ್ಳಿಕೊಟ್ಟ, ಕಾರಿನ ಜೊತೆ ಒಂದು ಸೆಲ್ಫಿನೂ ತೆಗೆದುಕೊಂಡ.

ಮೂರನೇ ಸಲ ಟೇಪ್ ಪೂರ್ತಿ ಕೆರೆದು, ಪೆಟ್ರೋಲ್ ತಡೆಯುವ ಪೇಸ್ಟ್ ಥರದ ಪೈಪ್ ಸೀಲೆಂಟ್ ಹಾಕಿದೆ, ತುದಿಯ ಎರಡು ಸುತ್ತು ಬಿಟ್ಟು. ಬಾತ್‌ರೂಮಿನ ಸಿಲಿಕೋನ್ ಮಾತ್ರ ಬೇಡವೇ ಬೇಡ, ಪೆಟ್ರೋಲಿಗೆ ಅದು ಉಬ್ಬಿ ಕಿತ್ತುಬರುತ್ತದೆ. ದಾರಿಯಲ್ಲಿ ಸೋರಿದರೆ ಹಳಬರು ಬಟ್ಟೆ ಸೋಪಿನ ತುಂಡು ತಿಕ್ಕುತ್ತಿದ್ದರು. ಅದು ಮನೆ ತಲುಪುವಷ್ಟು ಹೊತ್ತು ನಿಜಕ್ಕೂ ತಡೆಯುತ್ತದೆ, ನಾನೂ ಮಾಡಿದ್ದೇನೆ.

ಇಷ್ಟೆಲ್ಲಾ ಯಾಕೆ, ಹೊಸ ಬಾಲ್ ವಾಲ್ವ್ ಹಾಕಬಹುದಿತ್ತಲ್ವಾ ಅಂತ ಲೇತ್ ಅಂಗಡಿಯವರು ಕೇಳಿದರು. ಹಾಕಬಹುದು. ಬಿರಡೆಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ, ಪೆಟ್ರೋಲಿಗೆ ಆಗುವಂಥದ್ದು ನೋಡಿ. ಹಳೇದೇ ಇರಬೇಕು ಅನ್ನುವ ಹಟಕ್ಕೆ ಮೊಣಕಾಲಿನ ಮೇಲೆ 42 ಲೀಟರ್ ಪೆಟ್ರೋಲ್ ಇಟ್ಟುಕೊಂಡು ಓಡಾಡುವುದರಲ್ಲಿ ಅರ್ಥ ಇಲ್ಲ.

ಈಗ ಎಂಟು ತಿಂಗಳಾಯಿತು. ಕಾಕಿಗೆ ಬಳಿದ ಸೀಮೆಸುಣ್ಣ ಬೆಳ್ಳಗೇ ಇದೆ. ಗೇಜಿನ ಗಾಜು ಮಾತ್ರ ಬಾಕಿ. ಈ ಕಾರಿನಲ್ಲಿ ಗೇಜಿನ ಗಾಜಿನ ಹಿಂದೆ ನೇರ ಟ್ಯಾಂಕೇ ಇರುವುದು, ಫುಲ್ ಮಾಡಿಸಿದರೆ ಅದರ ವಾಷರ್ ಜಿನುಗುತ್ತದೆ. ಅದಕ್ಕೆ ಸದ್ಯಕ್ಕೆ ಅರ್ಧ ಟ್ಯಾಂಕಿಗಿಂತ ಜಾಸ್ತಿ ಹಾಕಿಸುತ್ತಿಲ್ಲ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ.